ಒಂದು ಬಾಗಿಲಿಗೆ ಇಬ್ಬರು ಕಾವಲುಗಾರರು

ಹಿಂದಿನ ಕಾಲದ ಊರುಗಳಲ್ಲಿ ರಾತ್ರಿಯ ಗಸ್ತಿಗೆ ತಳವಾರನೊಬ್ಬನಿರುತ್ತಿದ್ದನು. ಯಾರು ಯಾರ ಮಗ, ಯಾವ ಹೊತ್ತಿನಲ್ಲಿ ಯಾರು ಗದ್ದೆಗೆ ನೀರು ಕಟ್ಟಲು ಹೋಗುತ್ತಾರೆ ಎಂಬುದೆಲ್ಲ ಅವನಿಗೆ ತಿಳಿದಿರುತ್ತಿತ್ತು. ಅಂಥ ಊರಿಗೆ, ಅವನಿಗೆ ಒಂದು ಮಾತನ್ನೂ ತಿಳಿಸದೆ, ಪರಸ್ಥಳದ ಇನ್ನೊಬ್ಬ ತಳವಾರನನ್ನು ನೇಮಿಸಿದರೆ ಏನಾದೀತು? ಕತ್ತಲೆಯಲ್ಲಿ ದೊಣ್ಣೆ ಹಿಡಿದು ಮನೆಮನೆಯ ಬಾಗಿಲನ್ನು ತಳ್ಳಿ ನೋಡುತ್ತ ಬರುವ ಮನುಷ್ಯನನ್ನು ಕಂಡೊಡನೆ ಮೊದಲನೆಯವನು ಕಳ್ಳನೆಂದೇ ಭಾವಿಸುವನು. ಎರಡನೆಯವನ ಎಣಿಕೆಯೂ ಅದೇ. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಕೂಗಾಡುತ್ತಿರುವಾಗ ನಿಜವಾದ ಕಳ್ಳನು ಹಿತ್ತಲ ಬಾಗಿಲಿನಿಂದ ನೆಮ್ಮದಿಯಾಗಿ ಒಳಗೆ ಬರಬಹುದು.

ಮಕ್ಕಳ ಪಾಠದ ಟಿಪ್ಪಣಿ, ಮದುವೆಯ ಭಾವಚಿತ್ರಗಳು, ಬ್ಯಾಂಕಿನ ವ್ಯವಹಾರ, ಮನೆಸಾಲದ ಕಾಗದಪತ್ರ ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡಿರುವ ಇಂದಿನ ಮನೆಗಳ ಕಂಪ್ಯೂಟರಿನೊಳಗೂ ಕೆಲವೊಮ್ಮೆ ಇಂಥದೇ ರಂಪ ನಡೆಯುತ್ತದೆ. ವಿಂಡೋಸ್ ಯಂತ್ರದೊಡನೆ ಮೈಕ್ರೋಸಾಫ್ಟ್ ಸಂಸ್ಥೆಯ ಡಿಫೆಂಡರ್ ಎಂಬ ಕಾವಲು ತಂತ್ರಾಂಶವು ಬಳುವಳಿಯಾಗಿಯೇ ಬಂದಿರುತ್ತದೆ. ಅದೊಂದೇ ಸಾಲದೆಂದು ಯಾರೋ ಆಪ್ತರು ಹೇಳುತ್ತಾರೆ. ಮನೆಯ ಹಿರಿಯ ಮಗ ಇನ್ನೊಂದನ್ನು ತಂದು ಸ್ಥಾಪಿಸುತ್ತಾನೆ. ಎರಡಿದ್ದರೆ ರಕ್ಷಣೆಯೂ ಇಮ್ಮಡಿಯಲ್ಲವೆ ಎಂಬುದು ಅವನ ಸರಳ ಲೆಕ್ಕ. ಮರುದಿನದಿಂದ ಯಂತ್ರದ ಫ್ಯಾನು ಗುಯ್‌ಗುಡತೊಡಗುತ್ತದೆ. ಒಂದು ಸಣ್ಣ ಕಡತ ತೆರೆಯುವಷ್ಟರಲ್ಲಿ ಕಾಫಿ ಕುಡಿದು ಮುಗಿಸಬಹುದು. ನಡುನಡುವೆ ತೆರೆಯ ಮೂಲೆಯಲ್ಲಿ ‘ಅಪಾಯ ಪತ್ತೆಯಾಗಿದೆ’ ಎಂಬ ಎಚ್ಚರಿಕೆ ಮೂಡುತ್ತದೆ. ಆ ಅಪಾಯವೇನೆಂದು ಬಿಚ್ಚಿ ನೋಡಿದರೆ ಇನ್ನೊಂದು ಕಾವಲು ತಂತ್ರಾಂಶದ ಕಡತವೇ! ದೋಷ ಯಂತ್ರದ್ದೆಂದು ಬಗೆದು ಹೊಸ ಕಂಪ್ಯೂಟರನ್ನೇ ಕೊಳ್ಳುವ ಪುಣ್ಯಾತ್ಮರೂ ಇದ್ದಾರೆ.

ಒಂದು ಒರೆಯಲ್ಲಿ ಎರಡು ಕತ್ತಿ ಸೇರದೆಂಬುದು ಹಳೆಯ ಮಾತು. ಕಂಪ್ಯೂಟರಿನ ಮಟ್ಟಿಗೆ ಅದು ಪೂರ್ತಿ ನಿಜವಲ್ಲ. ಇಬ್ಬರಿಗೂ ಮುಂಚಿತವಾಗಿ ಪರಿಚಯ ಮಾಡಿಸಿ, ‘ಇವನು ನಮ್ಮವನು, ಇವನನ್ನು ತಡೆಯಬೇಡ’ ಎಂದು ಹೇಳಿಟ್ಟರೆ ಅವರು ಒಂದೇ ಬಾಗಿಲಿನಲ್ಲಿ ನಿಲ್ಲಬಲ್ಲರು. ಈ ಪರಿಚಯಕ್ಕೆ ತಂತ್ರಜ್ಞರು ಎಕ್ಸ್‌ಕ್ಲೂಷನ್ ಎನ್ನುತ್ತಾರೆ. ಕನ್ನಡದಲ್ಲಿ ವಿನಾಯಿತಿ ಎನ್ನಬಹುದು. ಆದರೆ ತಡೆಯಬೇಡವೆಂದು ಹೇಳಿದ ಮಾತು, ಅದೇ ವೇಷ ಧರಿಸಿ ಬಂದ ಕಳ್ಳನಿಗೂ ಸಲ್ಲುತ್ತದೆ. ಆದುದರಿಂದ ವಿನಾಯಿತಿಯನ್ನು ಕೊಡುವುದಕ್ಕಿಂತಲೂ ಅದನ್ನು ಎಷ್ಟು ಕಿರಿದಾಗಿ ಕೊಡಬೇಕೆಂಬುದೇ ಇಲ್ಲಿ ಹೆಚ್ಚಿನ ವಿವೇಕದ ಕೆಲಸ.

ಕಡತ ಸಾಗುವ ದಾರಿ

ಕಡತವೊಂದನ್ನು ತೆರೆಯಲು ಗುಂಡಿಯೊತ್ತಿದೊಡನೆ ಆ ಕೋರಿಕೆ ನೇರವಾಗಿ ಡಿಸ್ಕಿಗೆ ಹೋಗುವುದಿಲ್ಲ. ನಡುವೆ ವಿಂಡೋಸ್ ಒಂದು ಪಡಸಾಲೆಯನ್ನು ಇರಿಸಿದೆ. ಫಿಲ್ಟರ್ ಮ್ಯಾನೇಜರ್ ಎಂಬುದು ಅದರ ಮೇಲ್ವಿಚಾರಕ. ಆ ಪಡಸಾಲೆಯಲ್ಲಿ ಮಿನಿಫಿಲ್ಟರ್‌ಗಳೆಂಬ ತಪಾಸಣೆಗಾರರು ಸಾಲಾಗಿ ಕುಳಿತಿರುತ್ತಾರೆ. ಯಾರು ಮುಂದೆ, ಯಾರು ಹಿಂದೆ ಎಂಬ ವ್ಯಾಜ್ಯ ಹುಟ್ಟದಿರಲೆಂದು ಮೈಕ್ರೋಸಾಫ್ಟ್ ಪ್ರತಿಯೊಬ್ಬರಿಗೂ ಒಂದು ಸಂಖ್ಯೆಯನ್ನು ಗೊತ್ತುಮಾಡಿ ಕೊಡುತ್ತದೆ. ಆ ಸಂಖ್ಯೆಗೆ ಆಲ್ಟಿಟ್ಯೂಡ್, ಎಂದರೆ ಎತ್ತರ, ಎಂದು ಹೆಸರು. ವೈರಸ್ಸುಗಳನ್ನು ಶೋಧಿಸುವ ತಂತ್ರಾಂಶಗಳಿಗೆಂದು ೩,೨೦,೦೦೦ದಿಂದ ಮೇಲಿನ ಸುಮಾರು ಹತ್ತು ಸಾವಿರ ಸಂಖ್ಯೆಗಳನ್ನು ಮೀಸಲಿಟ್ಟಿದ್ದಾರೆ. ಹೆಚ್ಚಿನ ಎತ್ತರದಲ್ಲಿ ಕುಳಿತವನಿಗೆ ಕೋರಿಕೆ ಮೊದಲು ಕಾಣುತ್ತದೆ. ಅವನು ನೋಡಿ ಕೆಳಗಿನವನಿಗೆ ಸಾಗಿಸುತ್ತಾನೆ.

ಹೀಗಿರುವಾಗ ಇಬ್ಬರು ಒಂದೇ ಸಾಲಿನಲ್ಲಿ ಕುಳಿತ ಮಾತ್ರಕ್ಕೆ ಕಲಹವಾಗಬೇಕೆಂದಿಲ್ಲ. ಕಲಹ ಹುಟ್ಟುವುದು ಅವರ ವೃತ್ತಿಯ ಸ್ವಭಾವದಿಂದ. ಮೊದಲನೆಯವನು ಸಂದೇಹದ ಕಡತವೊಂದನ್ನು ತಾನೇ ತೆರೆದು ಓದಲು ಹೊರಟರೆ, ಎರಡನೆಯವನ ಕಣ್ಣಿಗೆ ಅದೂ ಒಂದು ತೆರೆಯುವಿಕೆಯೇ. ಅವನು ಆ ಕಡತವನ್ನು ತಾನೂ ಪರೀಕ್ಷಿಸಲು ಮುಂದಾಗುತ್ತಾನೆ. ಒಂದು ಕೆಲಸ ಎರಡಾಗುತ್ತದೆ. ಸಾವಿರಾರು ಕಡತಗಳನ್ನು ಸಾಲಾಗಿ ಶೋಧಿಸುವ ಸಮಯದಲ್ಲಿ ಈ ಇಮ್ಮಡಿಯ ಭಾರ ಯಂತ್ರದ ಬೆನ್ನು ಮುರಿಯುತ್ತದೆ. ನಿಜವಾದ ವೈರಸ್ಸೇ ಸಿಕ್ಕಿತೆನ್ನೋಣ. ಆಗಲಂತೂ ಇಬ್ಬರೂ ಅದನ್ನು ಏಕಕಾಲಕ್ಕೆ ತಮ್ಮ ತಮ್ಮ ಸೆರೆಮನೆಗೆ ಎಳೆಯುತ್ತಾರೆ. ಒಬ್ಬನು ಬೀಗ ಹಾಕಿಕೊಂಡ ಕಡತವನ್ನು ಇನ್ನೊಬ್ಬನು ಅಳಿಸಲಾರ. ಅಳಿಸಲಾಗಲಿಲ್ಲವೆಂದು ಮತ್ತೆ ಮತ್ತೆ ಯತ್ನಿಸುತ್ತಾನೆ.

ಇದಕ್ಕಿಂತಲೂ ಸೂಕ್ಷ್ಮವಾದ ಕಾರಣವೊಂದುಂಟು. ಕಾವಲು ತಂತ್ರಾಂಶದ ನಡತೆಯನ್ನು ಹೊರಗಿನಿಂದ ನೋಡಿದರೆ ಅದು ಬಹುಮಟ್ಟಿಗೆ ಕಳ್ಳ ತಂತ್ರಾಂಶದ ನಡತೆಯಂತೆಯೇ ಇರುತ್ತದೆ. ಇತರ ತಂತ್ರಾಂಶಗಳ ನೆನಪಿನೊಳಗೆ ಇಣುಕುವುದು, ಅವುಗಳೊಳಗೆ ತನ್ನದೊಂದು ತುಣುಕನ್ನು ಸೇರಿಸುವುದು, ಎಲ್ಲರ ಕಡತಗಳನ್ನೂ ತಡಕಾಡುವುದು, ತನ್ನನ್ನು ಯಾರೂ ನಿಲ್ಲಿಸದಂತೆ ಕೋಟೆ ಕಟ್ಟಿಕೊಳ್ಳುವುದು, ಇವೆಲ್ಲವೂ ಕಳ್ಳನ ಲಕ್ಷಣಗಳು. ಕಾವಲುಗಾರನ ಲಕ್ಷಣಗಳೂ ಹೌದು. ನಡತೆಯನ್ನು ನೋಡಿ ಗುಣವನ್ನು ನಿರ್ಣಯಿಸುವ ಯಂತ್ರಕ್ಕೆ ಈ ಇಬ್ಬರ ನಡುವಣ ಭೇದ ಸುಲಭವಾಗಿ ತಿಳಿಯುವುದಿಲ್ಲ. ಕಾವಲುಗಾರನು ತನ್ನನ್ನು ತಾನೇ ಗುರುತಿಸದೆ ಹೋದ ಪ್ರಸಂಗವೂ ನಡೆದಿದೆ. ೨೦೧೨ರ ಸೆಪ್ಟೆಂಬರ್ ೧೯ರಂದು ಬ್ರಿಟನ್ನಿನ ಸೋಫೋಸ್ ಸಂಸ್ಥೆಯ ತಂತ್ರಾಂಶವು, ತನ್ನನ್ನು ಹೊಸದಾಗಿಸಿಕೊಳ್ಳುವ ತನ್ನದೇ ಭಾಗವನ್ನು ವೈರಸ್ಸೆಂದು ಹಿಡಿಯಿತು. ಹೊಸದಾಗಿಸುವ ಭಾಗವೇ ಸೆರೆಯಾದ ಮೇಲೆ ತಪ್ಪನ್ನು ತಿದ್ದುವ ಪರಿಹಾರ ಅನೇಕ ಯಂತ್ರಗಳ ಒಳಗೆ ಹೋಗುವುದಾದರೂ ಹೇಗೆ? ಅದಕ್ಕೆ ಎರಡು ವರ್ಷ ಮೊದಲು, ೨೦೧೦ರ ಏಪ್ರಿಲ್ ೨೧ರಂದು, ಮೆಕಾಫಿ ಸಂಸ್ಥೆಯ ತಂತ್ರಾಂಶ ವಿಂಡೋಸ್ ಎಕ್ಸ್‌ಪಿಯ ಜೀವಾಳವಾದ ಎಸ್‌ವಿಸಿಹೋಸ್ಟ್ ಎಂಬ ಕಡತವನ್ನೇ ವೈರಸ್ಸೆಂದು ಭ್ರಮಿಸಿ ತೆಗೆದುಹಾಕಿತು. ಕಂಪ್ಯೂಟರುಗಳು ತಾವಾಗಿ ಆರಿ, ಹೊತ್ತಿ, ಮತ್ತೆ ಆರಿದವು. ತನ್ನನ್ನೂ ಮನೆಯ ಯಜಮಾನನನ್ನೂ ಗುರುತಿಸದ ಕಾವಲುಗಾರನು ಅಪರಿಚಿತನಾದ ಇನ್ನೊಬ್ಬ ಕಾವಲುಗಾರನನ್ನು ಗುರುತಿಸಿಯಾನೆಂದು ನಂಬಿ ಕೂರುವಂತಿಲ್ಲ.

ಇವರ ಕಲಹ ನಡೆಯುವ ಸ್ಥಳವಾದರೂ ಎಂಥದು! ಕರ್ನಲ್ ಎಂಬುದು ಕಂಪ್ಯೂಟರಿನ ಗರ್ಭಗುಡಿ. ಅಲ್ಲಿ ಒಂದು ತಪ್ಪು ಹೆಜ್ಜೆ ಬಿದ್ದರೆ ಇಡೀ ದೇವಾಲಯದ ದೀಪ ಆರುತ್ತದೆ. ೨೦೨೪ರ ಜುಲೈ ೧೯ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆ ಕಳುಹಿಸಿದ ಒಂದು ದೋಷಯುಕ್ತ ಕಡತದಿಂದ, ಮೈಕ್ರೋಸಾಫ್ಟಿನ ಅಂದಾಜಿನಂತೆ, ಜಗತ್ತಿನಾದ್ಯಂತ ಸುಮಾರು ೮೫ ಲಕ್ಷ ಯಂತ್ರಗಳು ನೀಲಿ ತೆರೆ ತೋರಿಸಿ ನಿಂತುಬಿಟ್ಟವು. ಬೆಂಗಳೂರು ಸೇರಿದಂತೆ ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರ ಸಾಲು ಬೆಳೆಯಿತು. ಕೈಯಿಂದ ಬರೆದ ಬೋರ್ಡಿಂಗ್ ಪಾಸುಗಳನ್ನು ಹಿಡಿದು ಜನ ವಿಮಾನ ಹತ್ತಿದರು. ಅಲ್ಲಿ ಎಡವಿದ್ದು ಒಬ್ಬನೇ ಕಾವಲುಗಾರ. ಇಬ್ಬರು ಅದೇ ಗರ್ಭಗುಡಿಯಲ್ಲಿ ತಳ್ಳಾಡಿದರೆ ಆಗುವ ಹಾನಿಯನ್ನು ಊಹಿಸುವುದು ಕಷ್ಟವಲ್ಲ.

ತಾನಾಗಿ ಹಿಂದೆ ಸರಿಯುವ ಸೌಜನ್ಯ

ಈ ತೊಂದರೆಯನ್ನು ಮನಗಂಡ ಮೈಕ್ರೋಸಾಫ್ಟ್ ಒಂದು ಬಗೆಯ ಶಿಷ್ಟಾಚಾರವನ್ನು ರೂಢಿಗೆ ತಂದಿದೆ. ಹೊರಗಿನಿಂದ ಬಂದ ಆಂಟಿವೈರಸ್ ತಂತ್ರಾಂಶವು ವಿಂಡೋಸಿನ ಸೆಕ್ಯುರಿಟಿ ಸೆಂಟರ್ ಎಂಬ ಕಚೇರಿಯಲ್ಲಿ ತನ್ನ ಹೆಸರನ್ನು ನೋಂದಾಯಿಸಿಕೊಳ್ಳುತ್ತದೆ. ನೋಂದಣಿಯಾದೊಡನೆ, ವಿಂಡೋಸ್ ೧೦ ಮತ್ತು ೧೧ರಲ್ಲಿ, ಡಿಫೆಂಡರ್ ತಾನಾಗಿಯೇ ಕೋಲನ್ನು ಕೆಳಗಿಟ್ಟು ಪಕ್ಕಕ್ಕೆ ಸರಿಯುತ್ತದೆ. ಬಂದವನು ಹೋದ ಮೇಲೆ, ಅಥವಾ ಅವನ ಚಂದಾ ಅವಧಿ ಮುಗಿದು ಅವನು ನಿಷ್ಕ್ರಿಯನಾದ ಮೇಲೆ, ಮತ್ತೆ ತನ್ನ ಕೆಲಸಕ್ಕೆ ನಿಲ್ಲುತ್ತದೆ. ಮನೆಯ ಕಂಪ್ಯೂಟರಿಗೆ ಈ ಏರ್ಪಾಡು ಬೇಕಾದಷ್ಟಾಯಿತು. ಒಬ್ಬನು ಸದಾ ಕಾಯಲಿ, ಇನ್ನೊಬ್ಬನು ಕರೆದಾಗ ಬಂದು ಒಮ್ಮೆ ಮನೆಯೆಲ್ಲವನ್ನೂ ನೋಡಿ ಹೋಗಲಿ; ವೈದ್ಯರಲ್ಲಿ ಎರಡನೆಯ ಅಭಿಪ್ರಾಯ ಕೇಳುವಂತೆ. ಇಷ್ಟರಲ್ಲಿ ತೃಪ್ತರಾಗುವವರಿಗೆ ವಿನಾಯಿತಿಗಳ ಗೊಡವೆ ಅಷ್ಟಾಗಿ ಬೇಕಿಲ್ಲ. ಹತ್ತರಲ್ಲಿ ಒಂಬತ್ತು ಮನೆಗಳಿಗೆ ಇದೇ ಸರಿಯಾದ ದಾರಿ ಎಂದರೂ ತಪ್ಪಾಗದು.

ಆದರೆ ಇಬ್ಬರೂ ಏಕಕಾಲಕ್ಕೆ ಎಚ್ಚರವಾಗಿರಲೇಬೇಕಾದ ಸಂದರ್ಭಗಳೂ ಉಂಟು. ದೊಡ್ಡ ಕಚೇರಿಗಳು ಒಂದು ಕಂಪೆನಿಯ ಕಾವಲನ್ನು ಬಿಟ್ಟು ಇನ್ನೊಂದಕ್ಕೆ ಬದಲಾಗುವಾಗ, ಹಳೆಯವನು ಹೋಗುವ ಮೊದಲೇ ಹೊಸಬನು ಬಂದು ನಿಲ್ಲಬೇಕಾಗುತ್ತದೆ. ನಡುವೆ ಒಂದು ರಾತ್ರಿಯೂ ಬಾಗಿಲು ಬರಿದಾಗಿರಕೂಡದು. ವೈರಸ್ಸನ್ನು ಹಿಡಿಯಲು ಒಂದನ್ನೂ, ಯಂತ್ರದ ಆಗುಹೋಗುಗಳನ್ನು ದಾಖಲಿಸಿ ಕೇಂದ್ರ ಕಚೇರಿಗೆ ವರದಿ ಮಾಡಲು ಇನ್ನೊಂದನ್ನೂ ಇಟ್ಟುಕೊಂಡ ಸಂಸ್ಥೆಗಳೂ ಇವೆ. ಅಂಥ ಕಡೆ ಡಿಫೆಂಡರನ್ನು ಪ್ಯಾಸಿವ್ ಮೋಡ್ ಎಂಬ ಸ್ಥಿತಿಯಲ್ಲಿಡುವುದುಂಟು. ಆಗ ಅದು ನೋಡುತ್ತದೆ, ಕೈ ಎತ್ತುವುದಿಲ್ಲ. ಇಲ್ಲೊಂದು ಕಂದಕವಿದೆ. ವಿಂಡೋಸ್ ಸರ್ವರ್ ಯಂತ್ರಗಳಲ್ಲಿ ಡಿಫೆಂಡರ್ ತಾನಾಗಿ ಹಿಂದೆ ಸರಿಯುವುದಿಲ್ಲ. ಸರಿಯೆಂದು ನಿರ್ವಾಹಕರೇ ಆಜ್ಞೆ ಮಾಡಬೇಕು. ಮನೆಯ ಯಂತ್ರದ ಸೌಜನ್ಯವನ್ನು ಸರ್ವರಿನಲ್ಲೂ ನಿರೀಕ್ಷಿಸಿದ ಕಚೇರಿಯಲ್ಲಿ, ಬೆಳಿಗ್ಗೆ ಲೆಕ್ಕಪತ್ರದ ತಂತ್ರಾಂಶ ತೆವಳತೊಡಗಿದಾಗ ಕಾರಣ ಯಾರಿಗೂ ಹೊಳೆಯುವುದಿಲ್ಲ.

ಕಚೇರಿಯವರು ಕೊಟ್ಟ ಲ್ಯಾಪ್‌ಟಾಪನ್ನು ಮನೆಗೆ ತಂದಿರುವವರು ಅದರ ಕಾವಲಿನ ಗೊಡವೆಗೆ ಹೋಗದೆ ಕಚೇರಿಯ ತಂತ್ರಜ್ಞರಿಗೆ ತಿಳಿಸುವುದೇ ಲೇಸು. ಮುಂದಿನ ಮಾತುಗಳು ಸ್ವಂತ ಯಂತ್ರದಲ್ಲಿ ಎರಡನ್ನೂ ಇಟ್ಟುಕೊಳ್ಳಲೇಬೇಕೆಂದು ಹಟ ಹಿಡಿದವರಿಗೆ.

ವಿನಾಯಿತಿಯ ಚೀಟಿ

ಡಿಫೆಂಡರಿನ ಜೊತೆಗೆ ಮಾಲ್‌ವೇರ್‌ಬೈಟ್ಸ್ ಎಂಬ ತಂತ್ರಾಂಶವನ್ನು ನಿಲ್ಲಿಸಿಕೊಳ್ಳುವ ರೂಢಿ ಬಹುಕಾಲದಿಂದ ಇದೆ. ಉಚಿತ ರೂಪದಲ್ಲಿ ಅದು ಕರೆದಾಗ ಮಾತ್ರ ಶೋಧಿಸುತ್ತದೆ. ಹಣ ತೆತ್ತವರಿಗೆ ಸದಾಕಾಲ ಕಾಯುತ್ತದೆ. ತೆತ್ತ ರೂಪದಲ್ಲಿಯೂ, ಸೆಕ್ಯುರಿಟಿ ಸೆಂಟರಿನಲ್ಲಿ ಹೆಸರು ನೋಂದಾಯಿಸಬೇಕೆ ಬೇಡವೆ ಎಂಬ ಆಯ್ಕೆಯನ್ನು ಬಳಕೆದಾರರಿಗೇ ಬಿಟ್ಟಿದ್ದಾರೆ. ನೋಂದಾಯಿಸಿದರೆ ಡಿಫೆಂಡರ್ ಸರಿಯುತ್ತದೆ. ನೋಂದಾಯಿಸದಿದ್ದರೆ ಇಬ್ಬರೂ ಎಚ್ಚರವಾಗಿರುತ್ತಾರೆ. ಎರಡನೆಯದನ್ನು ಆರಿಸಿಕೊಂಡವರು ಇಬ್ಬರಿಗೂ ಚೀಟಿ ಬರೆದುಕೊಡಬೇಕಾಗುತ್ತದೆ. ಒಬ್ಬನಿಗೆ ಮಾತ್ರ ಬರೆದುಕೊಟ್ಟರೆ ಅರ್ಧ ಸಂಧಾನವಾದಂತೆ.

ವಿಂಡೋಸ್ ಸೆಕ್ಯುರಿಟಿಯನ್ನು ತೆರೆದು, ವೈರಸ್ ಆಂಡ್ ಥ್ರೆಟ್ ಪ್ರೊಟೆಕ್ಷನ್ ಎಂಬಲ್ಲಿ ಮ್ಯಾನೇಜ್ ಸೆಟ್ಟಿಂಗ್ಸ್ ಒತ್ತಿ ಕೆಳಗಿಳಿದರೆ ಎಕ್ಸ್‌ಕ್ಲೂಷನ್ಸ್ ಎಂಬ ವಿಭಾಗ ಸಿಕ್ಕುತ್ತದೆ. ಅಲ್ಲಿ ನಾಲ್ಕು ಬಗೆಯ ಚೀಟಿಗಳುಂಟು: ಒಂದು ಕಡತಕ್ಕೆ, ಒಂದು ಫೋಲ್ಡರಿಗೆ, ಒಂದು ಜಾತಿಯ ಎಲ್ಲ ಕಡತಗಳಿಗೆ, ಮತ್ತು ಪ್ರೊಸೆಸ್ ಎಂಬುದಕ್ಕೆ, ಅಂದರೆ ಓಡುತ್ತಿರುವ ತಂತ್ರಾಂಶಕ್ಕೆ. ಇವುಗಳಲ್ಲಿ ಫೋಲ್ಡರಿನ ಚೀಟಿಗೂ ಪ್ರೊಸೆಸ್ಸಿನ ಚೀಟಿಗೂ ಇರುವ ಭೇದವನ್ನು ಅರಿಯದೆ ಎಡವುವವರೇ ಹೆಚ್ಚು. ಫೋಲ್ಡರಿನ ಚೀಟಿ ಹೇಳುವುದಿಷ್ಟು: ‘ಆ ಕಾವಲುಗಾರನು ವಾಸಿಸುವ ಕೋಣೆಯನ್ನು ಜಾಲಾಡಬೇಡ.’ ಅದರೊಳಗಿನ ಒಳಕೋಣೆಗಳಿಗೂ ಅದು ಅನ್ವಯಿಸುತ್ತದೆ. ಪ್ರೊಸೆಸ್ಸಿನ ಚೀಟಿಯ ಅರ್ಥ ಬೇರೆ: ‘ಆ ಕಾವಲುಗಾರನು ತೆರೆಯುವ ಪೆಟ್ಟಿಗೆಗಳನ್ನು, ಅವು ಮನೆಯ ಯಾವ ಮೂಲೆಯಲ್ಲಿದ್ದರೂ, ನೀನು ಮತ್ತೆ ತೆರೆಯಬೇಡ.’ ಒಂದು ಕೆಲಸ ಎರಡಾಗುವುದನ್ನು ತಪ್ಪಿಸುವುದು ಈ ಚೀಟಿಯೇ. ಸೋಜಿಗವೆಂದರೆ, ಪ್ರೊಸೆಸ್ಸಿನ ಚೀಟಿ ಆ ಕಾವಲುಗಾರನ ಸ್ವಂತ ಮೈಯನ್ನು ತಪಾಸಣೆಯಿಂದ ಬಿಡಿಸುವುದಿಲ್ಲ; ಅದಕ್ಕೆ ಕಡತದ ಚೀಟಿ ಬೇರೆಯೇ ಬೇಕು. ಅಲ್ಲದೆ ಅದು ಕಡತ ತೆರೆಯುವ ಗಳಿಗೆಯ ತಪಾಸಣೆಗೆ ಮಾತ್ರ ಸಲ್ಲುತ್ತದೆ, ಗೊತ್ತಾದ ಹೊತ್ತಿಗೆ ನಡೆಯುವ ಪೂರ್ಣ ಶೋಧನೆಗೆ ಸಲ್ಲದು. ಆದುದರಿಂದ ಇಬ್ಬರ ಪೂರ್ಣ ಶೋಧನೆಯನ್ನೂ ಬೇರೆ ಬೇರೆ ದಿನಗಳಿಗೆ ಗೊತ್ತುಮಾಡುವುದು ಒಳ್ಳೆಯದು.

ಮಾಲ್‌ವೇರ್‌ಬೈಟ್ಸ್ ವಾಸಿಸುವ ಸ್ಥಳಗಳು ಎರಡು. ತಂತ್ರಾಂಶವು ಸಿ ಡ್ರೈವಿನ ಪ್ರೋಗ್ರಾಂ ಫೈಲ್ಸ್ ಫೋಲ್ಡರಿನಲ್ಲಿ ತನ್ನ ಹೆಸರಿನ ಮನೆಯಲ್ಲಿರುತ್ತದೆ. ಅದರ ದಿನಚರಿ, ಸೆರೆಹಿಡಿದ ಕಡತಗಳು ಮುಂತಾದವು ಪ್ರೋಗ್ರಾಂಡೇಟಾ ಎಂಬ, ಸಾಮಾನ್ಯವಾಗಿ ಕಣ್ಣಿಗೆ ಬೀಳದ ಫೋಲ್ಡರಿನಲ್ಲಿರುತ್ತವೆ. ಇವೆರಡಕ್ಕೂ ಫೋಲ್ಡರಿನ ಚೀಟಿ. ಅದರ ಪ್ರಧಾನ ಸೇವಕನಾದ ಎಂಬಿಎಎಂ ಸರ್ವಿಸ್ ಎಂಬುದಕ್ಕೆ ಪ್ರೊಸೆಸ್ಸಿನ ಚೀಟಿ. ಇನ್ನುಳಿದದ್ದು ಗರ್ಭಗುಡಿಯೊಳಗೆ ಕೆಲಸ ಮಾಡುವ ಡ್ರೈವರುಗಳು. ಅವು ವಿಂಡೋಸಿನ ಸಿಸ್ಟಂ ೩೨ ಫೋಲ್ಡರಿನೊಳಗಿನ ಡ್ರೈವರ್ಸ್ ಎಂಬಲ್ಲಿ ಇತರ ನೂರಾರು ಡ್ರೈವರುಗಳ ನಡುವೆ ಕುಳಿತಿರುತ್ತವೆ. ಬೇಸರಪಟ್ಟು ಆ ಇಡೀ ಫೋಲ್ಡರಿಗೇ ವಿನಾಯಿತಿ ಕೊಟ್ಟುಬಿಡುವವರುಂಟು. ಒಬ್ಬ ನೆಂಟನ ಸಲುವಾಗಿ ಊರಿನ ಹೆಬ್ಬಾಗಿಲನ್ನೇ ತೆರೆದಿಟ್ಟಂತಾಯಿತು ಅದು. ಅಲ್ಲಿ ಒಂದೊಂದು ಕಡತವನ್ನೂ ಹೆಸರು ಹಿಡಿದೇ ಬರೆಯಬೇಕು. ಆ ಹೆಸರುಗಳನ್ನು ಊಹಿಸಬೇಕಾಗಿಲ್ಲ. ತಂತ್ರಾಂಶದ ಕಂಪೆನಿಯೇ ಪಟ್ಟಿಮಾಡಿ ಪ್ರಕಟಿಸುತ್ತದೆ.

ಇನ್ನು ಎದುರು ಪಕ್ಷ. ಮಾಲ್‌ವೇರ್‌ಬೈಟ್ಸಿನಲ್ಲಿ ಇದಕ್ಕೆ ಅಲೌ ಲಿಸ್ಟ್ ಎಂದು ಹೆಸರು. ಡಿಫೆಂಡರಿನ ಮುಖ್ಯ ಸೇವಕನ ಹೆಸರು ಎಂಎಸ್‌ಎಂಪಿಇಎನ್‌ಜಿ. ಟಾಸ್ಕ್ ಮ್ಯಾನೇಜರಿನಲ್ಲಿ ‘ಆಂಟಿಮಾಲ್‌ವೇರ್ ಸರ್ವಿಸ್ ಎಕ್ಸಿಕ್ಯೂಟಬಲ್’ ಎಂದು ಕಾಣಿಸಿಕೊಂಡು, ಯಂತ್ರದ ಶಕ್ತಿಯನ್ನೆಲ್ಲ ನುಂಗುತ್ತಿದೆಯೆಂದು ಅನೇಕರ ಬೈಗುಳಕ್ಕೆ ಪಾತ್ರವಾಗುವುದು ಅದೇ. ಈ ಸೇವಕನು ಮನೆ ಬದಲಾಯಿಸುತ್ತಲೇ ಇರುತ್ತಾನೆ. ಪ್ರೋಗ್ರಾಂಡೇಟಾದಲ್ಲಿ ಮೈಕ್ರೋಸಾಫ್ಟ್, ಅದರೊಳಗೆ ವಿಂಡೋಸ್ ಡಿಫೆಂಡರ್, ಅದರೊಳಗೆ ಪ್ಲಾಟ್‌ಫಾರ್ಮ್, ಅದರೊಳಗೆ ಆಯಾ ಆವೃತ್ತಿಯ ಸಂಖ್ಯೆಯುಳ್ಳ ಒಂದು ಫೋಲ್ಡರು. ಹೊಸ ಆವೃತ್ತಿ ಬಂದಾಗಲೆಲ್ಲ ಹೊಸ ಸಂಖ್ಯೆ, ಹೊಸ ಫೋಲ್ಡರು. ಇಂದಿನ ಸಂಖ್ಯೆಯನ್ನು ಬರೆದಿಟ್ಟ ಚೀಟಿ ಮುಂದಿನ ತಿಂಗಳಿಗೆ ಹಳತಾಗುತ್ತದೆ. ‘ಒಂದು ತಿಂಗಳು ಚೆನ್ನಾಗಿ ನಡೆಯಿತು, ಆಮೇಲೆ ಏಕೋ ಕೆಟ್ಟಿತು’ ಎಂಬ ದೂರಿಗೆ ಹಲವು ವೇಳೆ ಇದೇ ಕಾರಣ. ಸಂಖ್ಯೆಯನ್ನು ಬಿಟ್ಟು ಪ್ಲಾಟ್‌ಫಾರ್ಮ್ ಫೋಲ್ಡರಿಗೆ ಚೀಟಿ ಬರೆಯುವುದು ಇಲ್ಲಿ ಅನಿವಾರ್ಯ.

ಬರೆಯುವ ಬಗೆಯಲ್ಲಿಯೂ ಕೆಲವು ಸೂಕ್ಷ್ಮಗಳಿವೆ. ಡಿಫೆಂಡರಿನಲ್ಲಿ ದಾರಿಯ ಹೆಸರನ್ನು ಪೂರ್ಣವಾಗಿ ಬರೆಯದೆ ಪ್ರೊಸೆಸ್ಸಿನ ಹೆಸರನ್ನಷ್ಟೇ ಬರೆದರೆ, ಆ ಹೆಸರಿನ ಯಾವ ತಂತ್ರಾಂಶ ಎಲ್ಲಿಂದ ಬಂದರೂ ಚೀಟಿ ಸಲ್ಲುತ್ತದೆ. ‘ರಾಮಣ್ಣನನ್ನು ಬಿಡು’ ಎನ್ನುವುದಕ್ಕೂ ‘ಮೂರನೆಯ ಬೀದಿಯ ಏಳನೆಯ ಮನೆಯ ರಾಮಣ್ಣನನ್ನು ಬಿಡು’ ಎನ್ನುವುದಕ್ಕೂ ವ್ಯತ್ಯಾಸವಿಲ್ಲವೆ? ಬಳಕೆದಾರನ ಸ್ವಂತ ಫೋಲ್ಡರನ್ನು ಸೂಚಿಸುವ ಯೂಸರ್ ಪ್ರೊಫೈಲ್ ಎಂಬ ಸಂಕೇತಪದವನ್ನು ಚೀಟಿಯಲ್ಲಿ ಬಳಸಿದರೆ ಅದು ಫಲಿಸದು. ಡಿಫೆಂಡರ್ ಯಂತ್ರದ ಲೋಕಲ್ ಸಿಸ್ಟಂ ಖಾತೆಯಿಂದ ಕೆಲಸ ಮಾಡುವುದರಿಂದ ಅದಕ್ಕೆ ‘ನನ್ನ ಮನೆ’ ಎಂದರೆ ಬಳಕೆದಾರನ ಮನೆಯಲ್ಲ. ದಾರಿಯಲ್ಲಿ ನಕ್ಷತ್ರ ಚಿಹ್ನೆ ಹಾಕಿದರೆ ಅದು ಒಂದು ಫೋಲ್ಡರಿನ ಹೆಸರಿಗೆ ಮಾತ್ರ ಬದಲಿಯಾಗುತ್ತದೆ, ಎರಡಕ್ಕಲ್ಲ. ಇನ್ನು ಎಕ್ಸ್‌ಇ ಜಾತಿಯ ಎಲ್ಲ ಕಡತಗಳಿಗೂ, ಡೌನ್‌ಲೋಡ್ಸ್ ಫೋಲ್ಡರಿಗೂ, ಟೆಂಪ್ ಫೋಲ್ಡರಿಗೂ ವಿನಾಯಿತಿ ಕೊಡುವವರ ವಿಷಯದಲ್ಲಿ ಹೇಳುವುದೇನಿದೆ? ಅಂಥವರು ಕಾವಲುಗಾರರ ಸಂಬಳವನ್ನು ಉಳಿಸಿಕೊಳ್ಳಬಹುದು.

ಕಡತಗಳ ಚೀಟಿಯಿಂದ ಎಲ್ಲ ತಿಕ್ಕಾಟವೂ ಶಮನವಾಗುವುದಿಲ್ಲ. ಎರಡೂ ತಂತ್ರಾಂಶಗಳು ಅಂತರ್ಜಾಲದ ಸಂಚಾರವನ್ನು ತಡೆದು ನೋಡುತ್ತಿದ್ದರೆ, ಕಡತದ ವಿನಾಯಿತಿ ಅಲ್ಲಿ ಕೆಲಸಕ್ಕೆ ಬಾರದು. ಡಿಫೆಂಡರಿನಲ್ಲಿ ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್ ಎಂಬ ಇನ್ನೊಂದು ಕಾವಲುಂಟು. ಅಪರಿಚಿತ ತಂತ್ರಾಂಶಗಳು ಭಾವಚಿತ್ರ, ದಾಖಲೆಗಳ ಫೋಲ್ಡರುಗಳನ್ನು ತಿದ್ದದಂತೆ ಅದು ತಡೆಯುತ್ತದೆ. ಅದಕ್ಕೆ ಪ್ರತ್ಯೇಕವಾದ ಒಪ್ಪಿಗೆಯ ಪಟ್ಟಿಯೇ ಇದೆ. ಇಂಥ ಕಡೆಗಳಲ್ಲಿ ಚೀಟಿಗಳನ್ನು ಬರೆಯುತ್ತ ಹೋಗುವುದಕ್ಕಿಂತ ಕೆಲಸವನ್ನು ಹಂಚಿಕೊಡುವುದು ಮೇಲು. ಜಾಲದ ಸಂಚಾರವನ್ನು ಒಬ್ಬನೇ ನೋಡಿಕೊಳ್ಳಲಿ. ಇನ್ನೊಬ್ಬನ ಆ ಭಾಗವನ್ನು ಆರಿಸಿಡಬಹುದು.

೨೦೨೧ರ ಜುಲೈ ೨

ವಿನಾಯಿತಿಯನ್ನು ಕಿರಿದಾಗಿಡಬೇಕೆಂಬ ಮಾತು ಬರಿಯ ಶಾಸ್ತ್ರವೆಂದು ತೋರಬಹುದು. ಅದರ ಬೆಲೆ ಏನೆಂಬುದು ೨೦೨೧ರ ಜುಲೈ ೨, ಶುಕ್ರವಾರ ಜಗತ್ತಿಗೆ ತಿಳಿಯಿತು.

ಅಮೆರಿಕದ ಕಸೇಯಾ ಎಂಬ ಸಂಸ್ಥೆಯು, ಇತರ ಕಂಪೆನಿಗಳ ಕಂಪ್ಯೂಟರುಗಳನ್ನು ದೂರದಿಂದಲೇ ನೋಡಿಕೊಳ್ಳುವವರಿಗಾಗಿ ವಿಎಸ್‌ಎ ಎಂಬ ತಂತ್ರಾಂಶವನ್ನು ಮಾರುತ್ತಿತ್ತು. ನೋಡಿಕೊಳ್ಳಬೇಕಾದ ಪ್ರತಿಯೊಂದು ಯಂತ್ರದಲ್ಲಿಯೂ ಅದರ ಒಬ್ಬ ಪ್ರತಿನಿಧಿ ಇರುತ್ತಿದ್ದನು. ದೂರದಿಂದ ಆಜ್ಞೆ ಪಡೆದು ಕಡತಗಳನ್ನು ಬದಲಿಸುವ ಇಂಥ ಪ್ರತಿನಿಧಿಯನ್ನು ಆಂಟಿವೈರಸ್ ತಂತ್ರಾಂಶಗಳು ಸಂದೇಹಿಸುವುದು ಸಹಜ. ಆದುದರಿಂದ ಅವನು ಕೆಲಸ ಮಾಡುವ ಫೋಲ್ಡರಿಗೆ ವಿನಾಯಿತಿ ಕೊಡಬೇಕೆಂದು ಕಸೇಯಾ ತನ್ನ ಗ್ರಾಹಕರಿಗೆ ತಿಳಿಸಿತ್ತು. ಸಿ ಡ್ರೈವಿನಲ್ಲಿ ಕೆ-ವರ್ಕಿಂಗ್ ಎಂಬುದು ಆ ಫೋಲ್ಡರಿನ ಹೆಸರು. ಸೂಚನೆಯನ್ನು ಪಾಲಿಸಿದವರ ಯಂತ್ರಗಳಲ್ಲಿ ಆ ಕೋಣೆಯೊಳಗೆ ಏನಿದ್ದರೂ ಕಾವಲುಗಾರನು ಕಣ್ಣೆತ್ತಿ ನೋಡುತ್ತಿರಲಿಲ್ಲ.

ರೆವಿಲ್ ಎಂಬ ಹೆಸರಿನ ತಂಡವೊಂದು ವಿಎಸ್‌ಎಯಲ್ಲಿದ್ದ ದೋಷವನ್ನು ಕಂಡುಹಿಡಿದು, ಅದರ ಮೂಲಕ ತನ್ನ ಕಡತವನ್ನು ನೇರವಾಗಿ ಆ ಕೋಣೆಯೊಳಗೆ ಇಳಿಸಿತು. ದುರಸ್ತಿಯ ಕಡತವೆಂಬ ಸೋಗು ಅದಕ್ಕೆ. ಮುಂದಿನ ಹೆಜ್ಜೆ ಇನ್ನೂ ಚತುರವಾದುದು. ಒಂದು ಆಜ್ಞೆಯಿಂದ ಡಿಫೆಂಡರಿನ ಕಣ್ಣು ಕಟ್ಟಿದ ಮೇಲೆ, ಆ ಕಡತದೊಳಗಿನಿಂದ ಎಂಎಸ್‌ಎಂಪಿಇಎನ್‌ಜಿ ಹೊರಬಂದಿತು! ಡಿಫೆಂಡರಿನ ಅದೇ ಮುಖ್ಯ ಸೇವಕ. ೨೦೧೪ರ ಹಳೆಯ ಆವೃತ್ತಿ, ಮೈಕ್ರೋಸಾಫ್ಟಿನ ಅಸಲಿ ಮುದ್ರೆಯುಳ್ಳದ್ದು. ಆ ಹಳೆಯ ಆವೃತ್ತಿಗೆ, ಪಕ್ಕದಲ್ಲಿಟ್ಟ ಗೊತ್ತಾದ ಹೆಸರಿನ ಕಡತವನ್ನು ಪರೀಕ್ಷಿಸದೆ ತನ್ನೊಳಗೆ ಸೇರಿಸಿಕೊಳ್ಳುವ ದೌರ್ಬಲ್ಯವಿತ್ತು. ಕಳ್ಳರು ಪಕ್ಕದಲ್ಲಿ ಇಟ್ಟದ್ದು ತಮ್ಮ ಕಡತವನ್ನು. ಕಾವಲುಗಾರನ ಸಮವಸ್ತ್ರ ತೊಟ್ಟ ಹಳೆಯ ಸೇವಕನ ಕೈಯಿಂದಲೇ ಮನೆಯ ಪೆಟ್ಟಿಗೆಗಳಿಗೆಲ್ಲ ಹೊಸ ಬೀಗಗಳು ಬಿದ್ದವು.

ಎಂಟುನೂರರಿಂದ ಒಂದೂವರೆ ಸಾವಿರದವರೆಗಿನ ಸಂಸ್ಥೆಗಳ ಕಡತಗಳಿಗೆ ಹೀಗೆ ಬೀಗ ಬಿದ್ದಿತೆಂಬುದು ಅಂದಿನ ಅಂದಾಜು. ಸ್ವೀಡನ್ನಿನ ಕೂಪ್ ಎಂಬ ದಿನಸಿ ಅಂಗಡಿಗಳ ಬಳಗ ಕಸೇಯಾದ ಗ್ರಾಹಕನೇ ಆಗಿರಲಿಲ್ಲ. ಅದರ ಹಣ ಎಣಿಸುವ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದವರು ವಿಎಸ್‌ಎಯನ್ನು ಬಳಸುತ್ತಿದ್ದರು, ಅಷ್ಟೇ. ಅದರ ಸುಮಾರು ೮೦೦ ಅಂಗಡಿಗಳಲ್ಲಿ ಬಹುಪಾಲು ಬಾಗಿಲು ಮುಚ್ಚಿದವು. ಹಾಲು, ಬ್ರೆಡ್ಡು ಕಪಾಟಿನಲ್ಲಿಯೇ ಇದ್ದವು. ಬೆಲೆ ಪಡೆಯುವ ಯಂತ್ರ ಮಾತ್ರ ಬಾಯಿ ತೆರೆಯಲಿಲ್ಲ. ಎಲ್ಲ ಬೀಗಗಳನ್ನೂ ತೆರೆಯುವ ಒಂದು ಕೀಲಿಗೆ ರೆವಿಲ್ ತಂಡ ಕೇಳಿದ ಬೆಲೆ ೭ ಕೋಟಿ ಡಾಲರು. ಸುಮಾರು ಮೂರು ವಾರಗಳ ತರುವಾಯ ಕಸೇಯಾಗೆ ಆ ಕೀಲಿ ದೊರೆಯಿತು.

ಈ ಪ್ರಸಂಗದ ಬಳಿಕ ವಿನಾಯಿತಿಗಳನ್ನು ನೋಡುವ ದೃಷ್ಟಿಯೇ ಬದಲಾಗತೊಡಗಿತೆನ್ನಬಹುದು. ೨೦೨೨ರ ಆರಂಭದಲ್ಲಿ ಇನ್ನೊಂದು ಸಂಗತಿ ಬಯಲಾಯಿತು. ಡಿಫೆಂಡರಿನ ವಿನಾಯಿತಿಗಳ ಪಟ್ಟಿಯನ್ನು ಆ ಯಂತ್ರದ ಯಾವ ಸಾಮಾನ್ಯ ಬಳಕೆದಾರನಾದರೂ ಓದಬಹುದಾಗಿತ್ತು. ಎಂದರೆ, ಒಳನುಗ್ಗಿದ ಕಳ್ಳನಿಗೆ ಯಾವ ಕೋಣೆಗೆ ಕಾವಲಿಲ್ಲವೆಂಬ ನಕ್ಷೆಯೇ ಗೋಡೆಯ ಮೇಲೆ ತೂಗಾಡುತ್ತಿದ್ದಂತೆ. ಮೈಕ್ರೋಸಾಫ್ಟ್ ಸದ್ದಿಲ್ಲದೆ ಅದನ್ನು ಸರಿಪಡಿಸಿತು. ೨೦೨೩ರ ಫೆಬ್ರುವರಿಯಲ್ಲಿ ಅದೇ ಸಂಸ್ಥೆ, ತನ್ನ ಎಕ್ಸ್‌ಚೇಂಜ್ ಎಂಬ ಅಂಚೆ ತಂತ್ರಾಂಶಕ್ಕಾಗಿ ತಾನೇ ಹಿಂದೆ ಸೂಚಿಸಿದ್ದ ಕೆಲವು ವಿನಾಯಿತಿಗಳನ್ನು ತೆಗೆದುಹಾಕಿರೆಂದು ಗ್ರಾಹಕರಿಗೆ ಹೇಳಿತು. ಒಂದು ಕಾಲಕ್ಕೆ ಬೇಕಾಗಿದ್ದ ಚೀಟಿ ಇನ್ನೊಂದು ಕಾಲಕ್ಕೆ ಬೇಡವಾದುದನ್ನು ಬರೆದುಕೊಟ್ಟವರೇ ಒಪ್ಪಿಕೊಂಡಂತಾಯಿತು.

ಚೀಟಿಗಳನ್ನು ಬರೆದ ಮೇಲೆ ಅವು ಬೇಕಾದಷ್ಟೇ ಕೆಲಸ ಮಾಡುತ್ತವೆಯೇ ಎಂದು ನೋಡುವ ಬಗೆಯೂ ಉಂಟು. ಐಕಾರ್ ಎಂಬ ಯೂರೋಪಿನ ಸಂಸ್ಥೆ ರೂಢಿಗೆ ತಂದ ೬೮ ಅಕ್ಷರಗಳ ಪುಟ್ಟ ಕಡತವೊಂದಿದೆ. ಅದರಿಂದ ಯಾವ ಹಾನಿಯೂ ಇಲ್ಲ. ಆದರೆ ಅದನ್ನು ಕಂಡೊಡನೆ ಕೂಗಬೇಕೆಂದು ಆಂಟಿವೈರಸ್ ತಂತ್ರಾಂಶಗಳು ತಮ್ಮೊಳಗೆ ಒಪ್ಪಂದ ಮಾಡಿಕೊಂಡಂತಿವೆ. ಕಳ್ಳನ ವೇಷ ಹಾಕಿ ಮನೆಯವರೇ ರಾತ್ರಿ ಬಾಗಿಲು ತಟ್ಟಿ ನೋಡಿದಂತೆ. ಅದನ್ನು ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿಟ್ಟಾಗ ಕಾವಲುಗಾರನು ಕೂಗಲೇಬೇಕು. ವಿನಾಯಿತಿ ಕೊಟ್ಟ ಫೋಲ್ಡರಿನ ಪಕ್ಕದ ಫೋಲ್ಡರಿನಲ್ಲಿಟ್ಟಾಗಲೂ ಕೂಗಬೇಕು. ಎರಡನೆಯ ಕಡೆ ಮೌನವಾಗಿದ್ದರೆ, ಬರೆದವರು ಎಣಿಸಿದ್ದಕ್ಕಿಂತ ಚೀಟಿ ದೊಡ್ಡದಾಗಿದೆಯೆಂದು ತಿಳಿಯಬೇಕು.

ಪಟ್ಟಿಯನ್ನು ಆಗಾಗ ತೆರೆದು ನೋಡುವ ಅಭ್ಯಾಸ ಬಹಳ ಕಡಮೆ ಜನರಿಗಿದೆ. ನೋಡಿದಾಗ ಮನೆಯಲ್ಲಿ ಯಾರೂ ಬರೆಯದ ಸಾಲೊಂದು ಅಲ್ಲಿ ಕಂಡರೆ ಅದನ್ನು ಲಘುವಾಗಿ ಎಣಿಸಕೂಡದು. ಯಂತ್ರದ ಮೇಲ್ವಿಚಾರಕನ ಅಧಿಕಾರ ಕೇಳುವ ಪೆಟ್ಟಿಗೆಗೆ ಯಾರಾದರೂ ಯೋಚಿಸದೆ ‘ಯೆಸ್’ ಒತ್ತಿದರೆ ಸಾಕು, ಒಳಗೆ ಬಂದ ಕಳ್ಳ ತಂತ್ರಾಂಶವು ಮೊಟ್ಟಮೊದಲು ಮಾಡುವ ಕೆಲಸಗಳಲ್ಲಿ ತನ್ನ ಫೋಲ್ಡರಿಗೆ ತಾನೇ ವಿನಾಯಿತಿ ಬರೆದುಕೊಳ್ಳುವುದೂ ಒಂದು.

ಎರಡನೆಯ ತಂತ್ರಾಂಶವನ್ನು ಬೇಡವೆಂದು ತೆಗೆದುಹಾಕುವ ದಿನವೂ ಬರುತ್ತದೆ. ತಂತ್ರಾಂಶ ಹೋಗುತ್ತದೆ, ಅದರ ಹೆಸರಿನಲ್ಲಿ ಡಿಫೆಂಡರಿಗೆ ಕೊಟ್ಟ ಚೀಟಿ ಹಾಗೆಯೇ ಉಳಿದಿರಬಹುದು. ಪ್ರೋಗ್ರಾಂ ಫೈಲ್ಸ್ ಫೋಲ್ಡರಿನಲ್ಲಿ ಹೊಸದೇನನ್ನಾದರೂ ಇಡಲು ಮೇಲ್ವಿಚಾರಕನ ಅಧಿಕಾರ ಬೇಕು. ಪ್ರೋಗ್ರಾಂಡೇಟಾದಲ್ಲಿ ಹಾಗಲ್ಲ, ಸಾಮಾನ್ಯವಾಗಿ ಅಲ್ಲಿ ಯಾವ ಬಳಕೆದಾರನ ಹೆಸರಿನಲ್ಲಿ ಓಡುವ ತಂತ್ರಾಂಶವಾದರೂ ಹೊಸ ಫೋಲ್ಡರನ್ನು ಮಾಡಿಕೊಳ್ಳಬಹುದು. ತೆರವಾದ ಮನೆಯ ಹೆಸರಿನಲ್ಲಿಯೇ ಅಲ್ಲೊಂದು ಗುಡಿಸಲು ಕಟ್ಟಿಕೊಂಡವನನ್ನು ಡಿಫೆಂಡರ್ ಹಳೆಯ ಚೀಟಿಯನ್ನು ನಂಬಿ ಬಿಟ್ಟುಬಿಡುತ್ತದೆ. ತಂತ್ರಾಂಶವನ್ನು ತೆಗೆದ ದಿನವೇ ಅದೇ ಎಕ್ಸ್‌ಕ್ಲೂಷನ್ಸ್ ವಿಭಾಗಕ್ಕೆ ಹೋಗಿ, ಆ ಹೆಸರಿನ ಸಾಲುಗಳನ್ನು ಒಂದೊಂದಾಗಿ ಆರಿಸಿ ರಿಮೂವ್ ಒತ್ತಬೇಕು. ಫೋಲ್ಡರಿನ ಸಾಲುಗಳು, ಡ್ರೈವರುಗಳ ಹೆಸರಿನ ಸಾಲುಗಳು, ಪ್ರೊಸೆಸ್ಸಿನ ಸಾಲು, ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್ಸಿನ ಒಪ್ಪಿಗೆಯ ಪಟ್ಟಿಯಲ್ಲಿರುವ ಸಾಲು, ಎಲ್ಲವನ್ನೂ.